ಸರ್ಫ್ ಹಲಗೆಗೆ ಫೋಮ್ ಬ್ಲ್ಯಾಂಕ್ ಆರಿಸುವುದು ಹೇಗೆ: ಬಳ್ಳಾರಿಯಲ್ಲಿ ಕುಳಿತು ಹಲಗೆ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಬಳ್ಳಾರಿಯಿಂದ ಮಂಗಳೂರು ಕಡೆಯ ಕಡಲು ರಸ್ತೆಯಲ್ಲಿ ಸುಮಾರು 400 ಕಿಲೋಮೀಟರ್ ದೂರ. ಆದರೂ ರಜೆಗೆಂದು ಮೂಲ್ಕಿ, ಸಸಿಹಿತ್ಲು ಕಡೆಗೆ ಹೋಗಿ, ಅಲೆಯ ಮೇಲೆ ಸಾಗುವ ಬಾಡಿಗೆ ಸರ್ಫ್ ಹಲಗೆಯ ಮೇಲೆ ಎದ್ದು ನಿಲ್ಲುವುದನ್ನು ಕಲಿತು ಬಂದವರು ನಮ್ಮ ಕಡೆಯೂ ಇದ್ದಾರೆ. ಅವರಲ್ಲಿ ಕೈಕೆಲಸದ ಆಸಕ್ತಿ ಇರುವವರಿಗೆ ಹಲಗೆಯನ್ನು ತಾವೇ ಮಾಡಿಕೊಳ್ಳುವ ಆಸೆ ಹುಟ್ಟುವುದು ಸಹಜ. ಮಾಡಿಕೊಳ್ಳಬಹುದು. ರಂದ ಹಿಡಿಯಲು ಬಂದರೆ, ಅಳತೆಯಲ್ಲಿ ಶಿಸ್ತಿದ್ದರೆ, ಧೂಳು ಎದ್ದರೂ ಬೈಯದ ಮನೆಯವರಿದ್ದರೆ ಸಾಕು.

ಆದರೆ ಹೊಸಬರು ಕೇಳುವ ಪ್ರಶ್ನೆಗಳೆಲ್ಲ ಸಾಧಾರಣವಾಗಿ ಉಪಕರಣಗಳ ಬಗ್ಗೆಯೇ ಇರುತ್ತವೆ: ಯಾವ ರಂದ, ಎಷ್ಟು ನಂಬರಿನ ಪಾಲಿಶ್ ಕಾಗದ, ಯಾವ ರೆಸಿನ್ (ಗಾಜಿನ ಬಟ್ಟೆಯನ್ನು ಫೋಮಿಗೆ ಹಿಡಿಸಿ ಗಟ್ಟಿಯಾಗುವ ದ್ರವ). ಫೋಮ್ ಯಾವುದು ಎಂದು ಕೇಳುವವರು ಕಡಿಮೆ. ಹಲಗೆಯ ಒಳತಿರುಳು ಈ ಫೋಮೇ, ಕೆತ್ತುವ ಮೊದಲಿನ ಅದರ ಒರಟು ತುಂಡೇ ಬ್ಲ್ಯಾಂಕ್. ಹಲಗೆಗೆ ರೂಪ ಕೊಡುವುದೆಂದರೆ ಫೋಮನ್ನು ತೆಗೆಯುತ್ತಾ ಹೋಗುವುದು. ಸೇರಿಸುವುದಕ್ಕೆ ಅಲ್ಲಿ ಅವಕಾಶವಿಲ್ಲ. ಬ್ಲ್ಯಾಂಕಿನಲ್ಲಿ ಬಾಗು ಇಲ್ಲದಿದ್ದರೆ ಉಜ್ಜಿ ತರಲಾಗುವುದಿಲ್ಲ, ಫೋಮಿನ ಮಣಿಗಳು ಸರಿಯಾಗಿ ಬೆಸೆದುಕೊಳ್ಳದಿದ್ದರೆ ಆಮೇಲೆ ಬೆಸೆಯಲಾಗುವುದಿಲ್ಲ, ಸಾಂದ್ರತೆ ಕಡಿಮೆಯಾದರೆ ಮೇಲೆ ಎಷ್ಟು ಪದರ ಗಾಜಿನ ಬಟ್ಟೆ ಹಾಕಿದರೂ ಹಿಮ್ಮಡಿ ಊರಿದಲ್ಲೆಲ್ಲ ಗುಳಿ ಬೀಳುತ್ತದೆ. ಆದ್ದರಿಂದ ಈ ಬರಹ ಫೋಮ್ ಆಯ್ಕೆಯ ಬಗ್ಗೆ ಮಾತ್ರ. ಗಾಜಿನ ಬಟ್ಟೆ ಹೊದಿಸುವುದು, ತಳಕ್ಕೆ ಫಿನ್ (ರೆಕ್ಕೆ) ಕೂರಿಸುವುದು ಇವೆಲ್ಲ ಬೇರೆಯೇ ಕೆಲಸ.

ಮೊದಲು ಕಾಗದದ ಮೇಲೆ ಹಲಗೆ

ಯಾವ ಹಲಗೆ ಬೇಕೆಂದು ತಿಳಿಯದೆ ಬ್ಲ್ಯಾಂಕ್ ಕೊಳ್ಳಬಾರದು. ಐದು ಅಳತೆಗಳನ್ನು ಬರೆದುಕೊಳ್ಳಿ: ಉದ್ದ, ಅಗಲ, ನಡುವಿನ ದಪ್ಪ, ಮೂತಿಯ (ಮುಂದಿನ ತುದಿಯ) ಬಾಗು, ಬಾಲದ (ಹಿಂದಿನ ತುದಿಯ) ಬಾಗು. ಬಾಗು ಎಂದರೆ ಆ ತುದಿ ಎಷ್ಟು ಮೇಲಕ್ಕೆ ಎದ್ದಿದೆ ಎಂಬ ಅಳತೆ. ಸರ್ಫ್ ಹಲಗೆಯ ಲೋಕ ಇಂದಿಗೂ ಅಡಿ ಮತ್ತು ಅಂಗುಲಗಳಲ್ಲೇ ಮಾತನಾಡುತ್ತದೆ. ನಮ್ಮ ಬಡಿಗರೂ ಹಾಗೆಯೇ. ಅಷ್ಟರಮಟ್ಟಿಗೆ ನಮಗೆ ಅನುಕೂಲ.

ಆರನೆಯದೊಂದು ಅಂಕಿ ಇದೆ, ಲೀಟರಿನಲ್ಲಿ ಹೇಳುವ ಗಾತ್ರ. ಹಲಗೆ ಎಷ್ಟು ನೀರನ್ನು ಸರಿಸಬಲ್ಲದು ಎಂಬುದೇ ಇದು. ಉದ್ದ, ಅಗಲ, ದಪ್ಪ ಮೂರನ್ನೂ ಅಂಗುಲದಲ್ಲಿ ಗುಣಿಸಿ, ಬಂದದ್ದನ್ನು 0.55ರಿಂದ ಗುಣಿಸಿ, ಮತ್ತೆ 0.0164ರಿಂದ ಗುಣಿಸಿದರೆ ಲೀಟರ್ ಲೆಕ್ಕ ಹತ್ತಿರಹತ್ತಿರ ಸಿಗುತ್ತದೆ. 0.55 ಏಕೆಂದರೆ ಹಲಗೆ ಚೌಕಾಕಾರದ ಪೆಟ್ಟಿಗೆಯಲ್ಲ, ತುದಿಗಳಲ್ಲಿಯೂ ಅಂಚುಗಳಲ್ಲಿಯೂ ಸಣ್ಣಗಾಗುತ್ತಾ ಹೋಗುತ್ತದೆ. ತೀರಾ ಉದ್ದದ, ದುಂಡು ಮೂತಿಯ ಹಲಗೆಗೆ ಈ ಅಂಕಿ ತುಸು ಹೆಚ್ಚಾಗುತ್ತದೆ.

ಉದಾಹರಣೆಗೆ 7 ಅಡಿ 6 ಅಂಗುಲ ಉದ್ದ, 22 ಅಂಗುಲ ಅಗಲ, 2.75 ಅಂಗುಲ ದಪ್ಪದ ಹಲಗೆ ತೆಗೆದುಕೊಳ್ಳೋಣ. 90, 22 ಮತ್ತು 2.75ನ್ನು ಗುಣಿಸಿದರೆ 5445 ಘನ ಅಂಗುಲ, ಅದರಿಂದ ಸುಮಾರು 49 ಲೀಟರ್. 70 ಕೆ.ಜಿ. ತೂಕದ, ಬಾಡಿಗೆ ಹಲಗೆಯ ಮೇಲೆ ಎದ್ದು ನಿಲ್ಲಲು ಕಲಿತಿರುವ ವ್ಯಕ್ತಿಗೆ ಇದು ಒಳ್ಳೆಯ ಮೊದಲ ಹಲಗೆ. 70 ಕೆ.ಜಿ. ಮನುಷ್ಯನನ್ನು 49 ಲೀಟರ್ ಹೇಗೆ ಹೊರುತ್ತದೆ ಎಂಬ ಅನುಮಾನ ಬರಬಹುದು. ಹಲಗೆಯ ಮೇಲೆ ಬೋರಲು ಮಲಗಿ ಕೈಬೀಸುವಾಗ ದೇಹದ ಒಂದು ಭಾಗ ನೀರಿನಲ್ಲೇ ಇದ್ದು ತನ್ನ ತೂಕವನ್ನು ತಾನೇ ಹೊತ್ತುಕೊಳ್ಳುತ್ತದೆ. ಅಲೆಯ ಮೇಲೆ ನಿಂತ ಮೇಲೆ ಹಲಗೆಯನ್ನು ಎತ್ತಿ ಹಿಡಿಯುವುದು ವೇಗ. ನುರಿತವರು ತಮ್ಮ ತೂಕದ ಅರ್ಧಕ್ಕಿಂತ ಕಡಿಮೆ ಲೀಟರಿನ ಹಲಗೆಯಲ್ಲೂ ಆಡುವುದು ಇದರಿಂದಲೇ. ಮೊದಲ ಹಲಗೆ ಮಾಡುವವರು ಅವರನ್ನು ಅನುಕರಿಸಬೇಡಿ. ತೂಕದ 0.7 ಪಾಲು ಅಥವಾ ಅದಕ್ಕಿಂತ ಮೇಲೆಯೇ ಇರಿ.

ಮುಂದಿನ ಲೆಕ್ಕಗಳಿಗೆಲ್ಲ ಈ 7 ಅಡಿ 6 ಅಂಗುಲದ ಹಲಗೆಯನ್ನೇ ಆಧಾರ ಮಾಡಿಕೊಳ್ಳುತ್ತೇನೆ. ಬ್ಲ್ಯಾಂಕ್ ಇದಕ್ಕಿಂತ ಉದ್ದದಲ್ಲಿ 2 ಅಂಗುಲ, ಅಗಲದಲ್ಲಿ 1 ಅಂಗುಲ, ದಪ್ಪದಲ್ಲಿ ಅರ್ಧ ಅಂಗುಲ ಹೆಚ್ಚಿದ್ದರೆ ಸಾಕು.

ಎರಡು ಜಾತಿಯ ಫೋಮ್

ಹವಾಯಿಯ ಜನ ಅಲೆಯ ಮೇಲೆ ಆಡುತ್ತಿದ್ದದ್ದು ಮರದ ಹಲಗೆಗಳ ಮೇಲೆ. ಹಗುರ ಹಲಗೆಗೆ ಅವರು ಬಳಸುತ್ತಿದ್ದ ವಿಲಿವಿಲಿ ಮರ ನಮ್ಮ ಹಾಲವಾಣದ ಹತ್ತಿರದ ಬಂಧು, ಎರಡೂ ಎರಿತ್ರಿನಾ ಕುಲದವು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕ್ಯಾಲಿಫೋರ್ನಿಯಾದವರು ಬಾಲ್ಸಾ ಮರಕ್ಕೆ ಬಂದರು. 1950ರ ದಶಕದ ಕೊನೆಯಲ್ಲಿ ಅಲ್ಲಿ ಹಲಗೆ ಮಾಡುತ್ತಿದ್ದ ಹೋಬಿ ಆಲ್ಟರ್ ಮತ್ತು ಗೋರ್ಡನ್ ಕ್ಲಾರ್ಕ್ ಪಾಲಿಯುರೆಥೇನ್ ಫೋಮನ್ನು ಹಲಗೆಗೆ ಒಗ್ಗಿಸಿದರು. ಕ್ಲಾರ್ಕ್ 1961ರಲ್ಲಿ ಕಟ್ಟಿದ ಕ್ಲಾರ್ಕ್ ಫೋಮ್ ಕಂಪನಿ ಅಮೆರಿಕದ ಬಹುಪಾಲು ಬ್ಲ್ಯಾಂಕ್‌ಗಳನ್ನು ತಾನೇ ಪೂರೈಸುವಷ್ಟು ಬೆಳೆಯಿತು. 2005ರ ಡಿಸೆಂಬರ್ 5ರಂದು ಅದು ಏಕಾಏಕಿ ಬಾಗಿಲು ಮುಚ್ಚಿದಾಗ ಹಲಗೆ ಮಾಡುವವರು ದಿಕ್ಕು ತೋಚದೆ ನಿಂತರು. ಅದುವರೆಗೆ ಹಿಂದೆ ಉಳಿದಿದ್ದ ಇನ್ನೊಂದು ಫೋಮ್, ಅಂದರೆ ಇಪಿಎಸ್, ಮುಂದೆ ಬರಲು ಆ ಘಟನೆ ದೊಡ್ಡ ಕಾರಣ. ಇಪಿಎಸ್ ಎಂದರೆ ನಾವು ದಿನಬಳಕೆಯಲ್ಲಿ ಥರ್ಮಾಕೋಲ್ ಎನ್ನುವ ವಸ್ತು.

ಪಾಲಿಯುರೆಥೇನ್ ಬ್ಲ್ಯಾಂಕನ್ನು, ಅಂದರೆ ಪಿಯು ಬ್ಲ್ಯಾಂಕನ್ನು, ಅಚ್ಚಿನಲ್ಲಿ ಉಬ್ಬಿಸಿ ಮಾಡುತ್ತಾರೆ. ಹಲಗೆಯ ಒರಟು ರೂಪ, ಬಾಗು, ನಡುವಿನ ಮರದ ಪಟ್ಟಿ ಎಲ್ಲವೂ ಅದರಲ್ಲೇ ಬಂದಿರುತ್ತವೆ. ಘನ ಮೀಟರಿಗೆ ಸುಮಾರು 35ರಿಂದ 48 ಕೆ.ಜಿ. ಸಾಂದ್ರತೆ. ಕೈಗೆ ನುಣುಪು, ರಂದಕ್ಕೆ ವಿಧೇಯ, ಪಾಲಿಯೆಸ್ಟರ್ ಮತ್ತು ಎಪಾಕ್ಸಿ ಎರಡೂ ರೆಸಿನ್‌ಗಳಿಗೆ ಹೊಂದುತ್ತದೆ. ಅದರ ಒಂದು ಗುಣವನ್ನು ಮರೆಯಬಾರದು: ಅಚ್ಚಿಗೆ ತಾಗಿದ ಹೊರಪದರ ಗಟ್ಟಿ, ಒಳಗೆ ಹೋದಂತೆ ಮೃದು. ಹೆಚ್ಚು ಕೆರೆದಷ್ಟೂ ಬಲವಾದ ಭಾಗವೇ ಧೂಳಾಗಿ ಹೋಗುತ್ತದೆ. ಆದ್ದರಿಂದ ಪಿಯು ಬ್ಲ್ಯಾಂಕ್ ನಿಮ್ಮ ಹಲಗೆಯ ಅಳತೆಗೆ ಆದಷ್ಟು ಹತ್ತಿರವಿರಬೇಕು. ದೊಡ್ಡ ಬ್ಲ್ಯಾಂಕ್ ಅಗ್ಗಕ್ಕೆ ಸಿಕ್ಕಿತೆಂದು ತಂದು ಒಂದೂವರೆ ಅಂಗುಲ ಕೆತ್ತಿ ತೆಗೆಯುವುದು ದುಡ್ಡು ಕೊಟ್ಟು ದುರ್ಬಲ ಹಲಗೆಯನ್ನು ಕೊಂಡಂತೆ.

ಇಪಿಎಸ್ ದೊಡ್ಡ ಬ್ಲಾಕಿನಿಂದ ಕತ್ತರಿಸಿದ್ದಾದ್ದರಿಂದ ಸಾಂದ್ರತೆ ಆಳದವರೆಗೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಎಷ್ಟು ಕೆತ್ತಿದರೂ ಅಷ್ಟೇ ಬಲ. ಹಗುರವೂ ಹೌದು. ಆದರೆ ಅದರ ಮೇಲೆ ಪಾಲಿಯೆಸ್ಟರ್ ರೆಸಿನ್ ಸುರಿದರೆ ಫೋಮ್ ಕರಗಿ ಹೊಂಡ ಬೀಳುತ್ತದೆ. ಪೆಟ್ರೋಲ್, ಥಿನ್ನರ್, ಅಸಿಟೋನ್, ಚರ್ಮಕ್ಕೆ ಹಚ್ಚುವ ಹಳದಿ ಅಂಟು ಇವೆಲ್ಲವೂ ಅದಕ್ಕೆ ಶತ್ರುಗಳೇ. ಇಪಿಎಸ್‌ಗೆ ಎಪಾಕ್ಸಿ ಒಂದೇ ದಾರಿ. ಇನ್ನೊಂದು ದೋಷ ಎಂದರೆ ಮಣಿಗಳ ನಡುವಿನ ಸಂದಿಗಳಲ್ಲಿ ನೀರು ಹರಿಯಬಲ್ಲದು. ಹಲಗೆ ಎಲ್ಲಾದರೂ ಬಿರುಕು ಬಿಟ್ಟರೆ ಆ ಕ್ಷಣವೇ ದಡಕ್ಕೆ ಬರಬೇಕು. ಪಿಯು ಹಲಗೆ ಈ ವಿಷಯದಲ್ಲಿ ಸ್ವಲ್ಪ ತಾಳ್ಮೆಯದು.

ನೀರಿನ ಮೇಲೆ ಇವುಗಳ ನಡತೆಯೂ ಬೇರೆ. ಗಾಳಿಗೆ ಕದಡಿದ ನೀರಿನಲ್ಲಿ ಇಪಿಎಸ್ ಹಲಗೆ ಕುಣಿಯುತ್ತದೆ, ಪಿಯು ಆ ಅಲುಗಾಟವನ್ನು ತನ್ನ ತೂಕದಲ್ಲಿ ನುಂಗಿಕೊಳ್ಳುತ್ತದೆ. ಸಣ್ಣ, ಸೌಮ್ಯ ಅಲೆಗೆ ಇಪಿಎಸ್‌ನ ಚುರುಕು ಹಿತ.

ಮೂರನೆಯದಾಗಿ ಎಕ್ಸ್‌ಪಿಎಸ್ ಎಂಬುದೊಂದಿದೆ. ಬಿಸಿಲಿನ ಝಳ ತಡೆಯಲು ತಾರಸಿಗೆ ಹಾಸುವ ನೀಲಿ ಅಥವಾ ಗುಲಾಬಿ ಬಣ್ಣದ ಗಟ್ಟಿ ಹಾಳೆ. ನೀರು ಹೀರುವುದಿಲ್ಲ, ಗಟ್ಟಿಯೂ ಇದೆ. ಆದರೆ ತೆಳು ಹಾಳೆಗಳನ್ನು ಅಂಟಿಸಿ ದಪ್ಪ ಮಾಡಬೇಕು, ಮುಚ್ಚಿದ ಕೋಶಗಳ ಒಳಗಿನ ಅನಿಲ ಬಿಸಿಗೆ ಹಿಗ್ಗಿ ಗಾಜಿನ ಹೊದಿಕೆಯನ್ನು ಎಬ್ಬಿಸುತ್ತದೆ. ನಮ್ಮ ಊರಿನ ಶಾಖಕ್ಕೆ ಇದು ಬೇಡ. ಶೀತಲಗೃಹದ ಗೋಡೆಗೆ ಬಳಸುವ ಪಫ್ ಕೂಡ ಪಾಲಿಯುರೆಥೇನ್ ಜಾತಿಯದೇ. ಅದನ್ನು ನೋಡಿ ಸರ್ಫ್ ಬ್ಲ್ಯಾಂಕ್ ಎಂದುಕೊಳ್ಳಬೇಡಿ. ಶಾಖ ತಡೆಯಲೆಂದು ಮಾಡಿದ ಈ ಪಫ್ ಹೆಬ್ಬೆರಳಿನಿಂದ ಉಜ್ಜಿದರೆ ಪುಡಿಯಾಗುತ್ತದೆ. ಮೇಲಿನ ಗಾಜಿನ ಬಟ್ಟೆ ಹಿಡಿದುಕೊಳ್ಳುವುದು ಆ ಪುಡಿಯನ್ನೇ.

ಬಳ್ಳಾರಿಯ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಕರಾವಳಿಯವರು ಬರೆದ ಸಲಹೆಗಳನ್ನು ಇಲ್ಲಿ ಹಾಗೆಯೇ ಪಾಲಿಸಲಾಗದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನೊಳಗೆ ಇನ್ನೂ ಹೆಚ್ಚು. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿಯೂ ಆಗುತ್ತದೆ. ಇಪಿಎಸ್ ಸುಮಾರು 80 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಕಡುಬಣ್ಣದ ಹಲಗೆ ಬಿಸಿಲಿಗೆ ಒಡ್ಡಿಕೊಂಡರೆ ಆ ಅಂಚಿಗೆ ತಲುಪುವುದು ಕಷ್ಟವೇನಲ್ಲ. ಅದಕ್ಕೂ ಮೊದಲೇ ಫೋಮಿನೊಳಗಿನ ಗಾಳಿ ಹಿಗ್ಗಿ ಗಾಜಿನ ಪದರ ಗುಳ್ಳೆಯಂತೆ ಎದ್ದುಬಿಡುತ್ತದೆ. ಇಪಿಎಸ್ ಆರಿಸುವುದಾದರೆ ಎರಡು ನಿರ್ಧಾರಗಳನ್ನು ಈಗಲೇ ಮಾಡಿ: ಹಲಗೆಯ ಬಣ್ಣ ಬಿಳಿಯೇ ಇರಲಿ, ಮತ್ತು ಗಾಳಿ ಹೊರಹೋಗಲು ಸಣ್ಣದೊಂದು ಗಾಳಿಬಿರಡೆಗೆ ಜಾಗ ಗುರುತಿಸಿ.

ರೆಸಿನ್ ಹಚ್ಚುವ ಹೊತ್ತನ್ನೂ ಫೋಮ್ ನಿರ್ಧರಿಸುತ್ತದೆ. ಬೆಳಗ್ಗೆ ಹಚ್ಚಿದರೆ ಬಿಸಿಲು ಏರಿದಂತೆ ಇಪಿಎಸ್ ಒಳಗಿನ ಗಾಳಿ ಹೊರಬಂದು ಹಸಿ ರೆಸಿನ್‌ನಲ್ಲಿ ಗುಳ್ಳೆಗಳಾಗುತ್ತವೆ. ಸಂಜೆ, ತಾಪ ಇಳಿಯುವ ಹೊತ್ತಿನಲ್ಲಿ ಹಚ್ಚಿದರೆ ಫೋಮ್ ಒಳಮುಖವಾಗಿ ಉಸಿರೆಳೆದು ರೆಸಿನ್ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಎಪಾಕ್ಸಿ ಬಟ್ಟಲಿನಲ್ಲೇ ಗಟ್ಟಿಯಾಗುವಷ್ಟು ಅವಸರ ಮಾಡುತ್ತದೆ. ನನ್ನ ಅಭಿಪ್ರಾಯದಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಫೋಮ್ ಕೆಲಸದ ಋತು ನವೆಂಬರಿನಿಂದ ಫೆಬ್ರವರಿ. ಗಾಳಿ ಒಣ, ಬಿಸಿಲು ಹದ, ಕರಾವಳಿಯ ಜಿಗುಟು ತೇವವಿಲ್ಲ. ಈ ನಾಲ್ಕು ತಿಂಗಳಲ್ಲಿ ನಮ್ಮ ಒಳನಾಡು ಕಡಲತಡಿಗಿಂತ ಒಳ್ಳೆಯ ಕಾರ್ಯಾಗಾರ ಎಂದು ಧೈರ್ಯವಾಗಿ ಹೇಳುತ್ತೇನೆ.

ಹಾಗಾದರೆ ಪಿಯು ಬೇಕೋ ಇಪಿಎಸ್ ಬೇಕೋ? ಶಾಖವನ್ನಷ್ಟೇ ನೋಡಿದರೆ ಪಿಯು ಮೇಲು. ಆದರೆ ಅಚ್ಚಿನ ಬ್ಲ್ಯಾಂಕನ್ನು ಕರಾವಳಿಯ ಹಲಗೆ ತಯಾರಕರ ಮೂಲಕವೋ, ಹೊರದೇಶದಿಂದಲೋ ತರಿಸಬೇಕು. ಏಳೆಂಟು ಅಡಿ ಉದ್ದದ ಮೆದು ವಸ್ತುವನ್ನು ಲಾರಿ ಪಾರ್ಸೆಲ್‌ನಲ್ಲಿ ತರಿಸಿದರೆ ಮೂತಿ ಮುರಿಯದೆ ಬರುವುದೇ ಅದೃಷ್ಟ. ಇಪಿಎಸ್ ನಮ್ಮ ಸುತ್ತಮುತ್ತಲೇ ಹುಡುಕಬಹುದಾದ ಸರಕು. ಮೊದಲ ಹಲಗೆಗೆ ನಾನು ಸೂಚಿಸುವುದು ಒಳ್ಳೆಯ ದರ್ಜೆಯ ಇಪಿಎಸ್. ಅದರಲ್ಲಿ ಒತ್ತು ಕೊಡಬೇಕಾದದ್ದು "ಒಳ್ಳೆಯ ದರ್ಜೆಯ" ಎಂಬ ಮಾತಿಗೆ.

ಅಂಗಡಿಯಲ್ಲಿ ಕೇಳಬೇಕಾದದ್ದು, ಮಾಡಬೇಕಾದದ್ದು

ಸ್ಟೇಷನರಿ ಅಂಗಡಿಯಲ್ಲಿ ಶಾಲೆಯ ಮಾದರಿಗೆಂದು ಮಾರುವ ತೆಳು ಹಾಳೆ, ಟಿವಿ ಪೆಟ್ಟಿಗೆಯ ಒಳಗಿನ ತುಂಡು ಇವುಗಳಿಂದ ಹಲಗೆ ಆಗುವುದಿಲ್ಲ. ಕೇಳಬೇಕಾದ ಜಾಗ ಎರಡು. ಒಂದು, ಶೀತಲಗೃಹ ಮತ್ತು ಕಾರ್ಖಾನೆಗಳಿಗೆ ಶಾಖನಿರೋಧಕ ಹೊದಿಕೆ ಕೆಲಸ ಮಾಡುವ ಗುತ್ತಿಗೆದಾರರು. ಅವರಿಗೆ ಸಾಂದ್ರತೆಯ ಭಾಷೆ ಗೊತ್ತಿರುತ್ತದೆ. ಇನ್ನೊಂದು, ಮದುವೆ ಮಂಟಪ, ಗಣೇಶನ ಹಬ್ಬದ ವೇದಿಕೆಗೆ ಥರ್ಮಾಕೋಲ್ ಅಲಂಕಾರ ಮಾಡುವವರು. ದೊಡ್ಡ ಬ್ಲಾಕ್ ಎಲ್ಲಿಂದ ಬರುತ್ತದೆ ಎಂಬುದು ಅವರಿಗೆ ತಿಳಿದಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಬಿಸಿ ತಂತಿಯಲ್ಲಿ ಕತ್ತರಿಸುವ ಕೈಚಳಕ ಅವರಲ್ಲಿದೆ. ಈ ಎರಡನೆಯ ಗುಂಪಿನವರನ್ನು ಗೌರವದಿಂದ ಮಾತನಾಡಿಸಿ, ಗೆಳೆತನ ಬೆಳೆಸಿಕೊಳ್ಳಿ. ಹಲಗೆ ಮಾಡುವವನಿಗೆ ಅವರಷ್ಟು ನೆರವಾಗುವವರು ಈ ಊರಿನಲ್ಲಿ ಬೇರೆ ಯಾರೂ ಇಲ್ಲ.

ಕೇಳುವಾಗ "ಗಟ್ಟಿ ಥರ್ಮಾಕೋಲ್ ಕೊಡಿ" ಎನ್ನಬೇಡಿ. ಅಂಕಿ ಹೇಳಿ. ಭಾರತೀಯ ಮಾನಕ ಐಎಸ್ 4671ರಲ್ಲಿ ಶಾಖನಿರೋಧಕ ಇಪಿಎಸ್‌ಗೆ ಘನ ಮೀಟರಿಗೆ 15, 20, 25, 30, 35 ಕೆ.ಜಿ. ಎಂಬ ದರ್ಜೆಗಳಿವೆ. ನಿಮಗೆ ಬೇಕಾದದ್ದು 25 ಅಥವಾ 30. ಹದಿನೈದರದ್ದು ಯಾವ ಕಾರಣಕ್ಕೂ ಬೇಡ. ಇಪ್ಪತ್ತರದ್ದರಲ್ಲಿ ಹಲಗೆ ಮಾಡುವವರಿದ್ದಾರೆ, ಆದರೆ ಅವರು ಗಾಜಿನ ಬಟ್ಟೆಯ ಪದರ ಹೆಚ್ಚಿಸಿ ಸರಿದೂಗಿಸುತ್ತಾರೆ. ಹಗುರದ ಆಸೆಗೆ ಬೀಳುವ ಮೊದಲು ಲೆಕ್ಕ ನೋಡಿ: 49 ಲೀಟರಿನ ಹಲಗೆಯಲ್ಲಿ 20ರ ಫೋಮ್ ಸುಮಾರು 1 ಕೆ.ಜಿ. ತೂಗಿದರೆ 30ರ ಫೋಮ್ 1.5 ಕೆ.ಜಿ. ತೂಗುತ್ತದೆ. 40ರ ಪಿಯು ಆದರೂ 2 ಕೆ.ಜಿ. ಒಳಗೆ. ಅರ್ಧ ಕಿಲೋ ಉಳಿಸಲು ಹಲಗೆಯ ಆಯುಷ್ಯವನ್ನು ಕಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಹೇಳಿದ ದರ್ಜೆಯದ್ದೇ ಕೊಟ್ಟಿದ್ದಾರೆಯೇ ಎಂದು ತಿಳಿಯಲು ತೂಕ ಮಾಡಿ. 8 ಅಡಿ ಉದ್ದ, 2 ಅಡಿ ಅಗಲ, 6 ಅಂಗುಲ ದಪ್ಪದ ತುಂಡು 0.2265 ಘನ ಮೀಟರ್ ಆಗುತ್ತದೆ. 30ರದ್ದಾದರೆ 6.8 ಕೆ.ಜಿ., 25ರದ್ದಾದರೆ 5.7, 20ರದ್ದಾದರೆ 4.5, 15ರದ್ದಾದರೆ 3.4. ತಕ್ಕಡಿ ಸುಳ್ಳು ಹೇಳುವುದಿಲ್ಲ. ಒಂದು ಎಚ್ಚರ ಮಾತ್ರ ಬೇಕು: ಹೊಸದಾಗಿ ಅಚ್ಚಿನಿಂದ ಬಂದ ಬ್ಲಾಕಿನಲ್ಲಿ ಆವಿಯ ನೀರು ಉಳಿದಿರುತ್ತದೆ, ಅದು ತೂಕವನ್ನು ಹೆಚ್ಚಿಸಿ ತೋರಿಸುತ್ತದೆ.

ಹೊಸ ಬ್ಲಾಕಿನ ತೊಂದರೆ ಅಲ್ಲಿಗೆ ಮುಗಿಯುವುದಿಲ್ಲ. ಮಣಿಗಳನ್ನು ಉಬ್ಬಿಸುವ ಪೆಂಟೇನ್ ಅನಿಲದ ಶೇಷವೂ ಅದರಲ್ಲಿ ಇರುತ್ತದೆ. ಅದು ನಿಧಾನವಾಗಿ ಹೊರಹೋಗುವಾಗ ಬ್ಲಾಕ್ ತುಸು ಕುಗ್ಗುತ್ತದೆ, ಕೆಲವೊಮ್ಮೆ ಡೊಂಕಾಗುತ್ತದೆ. ಪೆಂಟೇನ್ ಬೆಂಕಿ ಹತ್ತುವ ಅನಿಲ, ಬಿಸಿ ತಂತಿಯ ಪಕ್ಕದಲ್ಲಿ ಅದು ಇರಬಾರದು. ಆದ್ದರಿಂದ ಕೆಲವು ವಾರ ಹಳೆಯದಾದ ಬ್ಲಾಕನ್ನು ಕೇಳಿ ಪಡೆಯಿರಿ. ಸಿಗದಿದ್ದರೆ ತಂದು ನೆರಳಿನಲ್ಲಿ, ಗಾಳಿಯಾಡುವ ಕೋಣೆಯಲ್ಲಿ ಸಮತಟ್ಟಾಗಿ ಮಲಗಿಸಿ ಮೂರು ವಾರ ಮುಟ್ಟದೆ ಬಿಡಿ.

ಈಗ ಮುರಿದು ನೋಡುವ ಪರೀಕ್ಷೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯ. ಅದೇ ಬ್ಲಾಕಿನ ಮೂಲೆಯಿಂದ ಕೈಯಗಲದ ತುಂಡೊಂದನ್ನು ಕೇಳಿ ಪಡೆದು ಎರಡು ಕೈಯಿಂದ ಮುರಿಯಿರಿ. ಮುರಿದ ಮುಖವನ್ನು ಬೆಳಕಿಗೆ ಹಿಡಿಯಿರಿ. ಮಣಿಗಳು ನಡುವೆಯೇ ಸೀಳಿ ಹೋಗಿದ್ದರೆ ಬೆಸುಗೆ ಚೆನ್ನಾಗಿದೆ. ಮಣಿಗಳು ಇಡಿಯಾಗಿ, ದುಂಡಗೆ ಉದುರುತ್ತಿದ್ದರೆ ಆ ಬ್ಲಾಕನ್ನು ಬಿಟ್ಟು ಬನ್ನಿ, ಸಾಂದ್ರತೆ ಎಷ್ಟಿದ್ದರೂ ಸರಿ. ಅಂಥದ್ದರ ಮೇಲೆ ರಂದ ಎಳೆದರೆ ಮಣಿಗಳು ಕಿತ್ತು ಬರುತ್ತವೆ, ಅಂಚು ತೆಳುವಾಗಿಸುವಾಗ ಹಲ್ಲು ಉದುರಿದ ಬಾಚಣಿಗೆಯ ಹಾಗೆ ಕಾಣುತ್ತದೆ, ಮುಂದೆ ನೀರು ಒಳನುಗ್ಗುವುದೂ ಅದೇ ಸಂದಿಗಳಿಂದ. ಮಣಿ ಸಣ್ಣದಿದ್ದಷ್ಟೂ ಒಳ್ಳೆಯದು. ಬೇರೆ ಬೇರೆ ಗಾತ್ರದ ಮಣಿಗಳು, ನಡುನಡುವೆ ಚೂರುಗಳು ಕಂಡರೆ ಹಳೆಯ ಥರ್ಮಾಕೋಲನ್ನು ಪುಡಿಮಾಡಿ ಬೆರೆಸಿದ್ದಾರೆ ಎಂದರ್ಥ. ಪೆಟ್ಟಿಗೆ ಕಟ್ಟಲು ಅದು ಸಾಕು, ಹಲಗೆಗೆ ಸಾಲದು.

ಕೊನೆಗೆ ಹೆಬ್ಬೆರಳಿನಿಂದ ಒತ್ತಿ. 30ರ ಫೋಮ್ ಸ್ವಲ್ಪ ತಗ್ಗಿ ಮತ್ತೆ ಏಳುತ್ತದೆ. ತಗ್ಗು ಹಾಗೆಯೇ ಉಳಿದರೆ ಅನುಮಾನಿಸಿ.

ಬಾಗು: ಬ್ಲ್ಯಾಂಕಿನ ಪ್ರಾಣ ಇರುವುದು ಇಲ್ಲಿ

ಹಲಗೆಯನ್ನು ಪಕ್ಕದಿಂದ ನೋಡಿದಾಗ ಮೂತಿ ಮತ್ತು ಬಾಲ ಮೇಲಕ್ಕೆ ಎದ್ದಿರುವುದನ್ನು ಕಾಣುತ್ತೀರಿ. ರಾಕರ್ ಎನ್ನುವ ಈ ಬಾಗು ಹಲಗೆಯ ಸ್ವಭಾವವನ್ನು ಬೇರೆಲ್ಲ ಅಳತೆಗಳಿಗಿಂತ ಹೆಚ್ಚು ನಿರ್ಧರಿಸುತ್ತದೆ. ಬಾಗು ಕಡಿಮೆಯಿದ್ದರೆ ಕೈಬೀಸಿ ಮುಂದೆ ಹೋಗುವುದು ಸುಲಭ, ಸೌಮ್ಯ ಅಲೆಯೂ ಎತ್ತಿಕೊಳ್ಳುತ್ತದೆ, ವೇಗ ಹೆಚ್ಚು. ಆದರೆ ಕಡಿದಾದ ಅಲೆಯಲ್ಲಿ ಇಳಿಯುವಾಗ ಮೂತಿ ನೀರಿಗೆ ಚುಚ್ಚಿಕೊಂಡು ಸವಾರನನ್ನು ಮುಂದಕ್ಕೆ ಎಸೆಯುತ್ತದೆ. ಬಾಗು ಹೆಚ್ಚಿದ್ದರೆ ಆ ಭಯ ಕಡಿಮೆ, ತಿರುವು ಸಲೀಸು. ಆದರೆ ಹಲಗೆ ನೀರನ್ನು ದೂಡುತ್ತಾ ನಿಧಾನವಾಗುತ್ತದೆ. ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ ಮಳೆಗಾಲದ ಹೊರಗೆ ಆಡುವ ಹೊಸಬರಿಗೆ ಮೂತಿಯಲ್ಲಿ 4.5 ಅಂಗುಲ, ಬಾಲದಲ್ಲಿ 2.25 ಅಂಗುಲ ಬಾಗು ಹದವಾಗಿರುತ್ತದೆ. ಪೂರ್ತಿ ಮಳೆಗಾಲದ ಕಡಲಿಗೆ ಹೊಸಬರು ಇಳಿಯಲೇಬಾರದು, ಆದ್ದರಿಂದ ಆ ಅಲೆಗೆ ತಕ್ಕ ಬಾಗಿನ ಚಿಂತೆ ಈಗ ಬೇಡ.

ಇಲ್ಲಿಯೇ ಹಲವರು ಎಡವುವುದು. 4 ಅಂಗುಲ ದಪ್ಪದ ಚಪ್ಪಟೆ ಹಾಳೆ ಕೊಂಡರೆ ಅದರಿಂದ 2.75 ಅಂಗುಲದ ಹಲಗೆ ಧಾರಾಳವಾಗಿ ಬರುತ್ತದೆ ಎಂದು ತೋರುತ್ತದೆ. ಬರುವುದಿಲ್ಲ. ಮೂತಿಯ ತಳ 4.5 ಅಂಗುಲ ಮೇಲಿರಬೇಕು, ಅದರ ಮೇಲೆ ಮೂತಿಗೇ 1 ಅಂಗುಲ ದಪ್ಪ ಬೇಕು. ಒಟ್ಟು 5.5 ಅಂಗುಲ. ಅಂದರೆ ಬ್ಲಾಕ್ ಕನಿಷ್ಠ 6 ಅಂಗುಲ ಎತ್ತರವಿರಬೇಕು. ಇಬ್ಬರು ಗೆಳೆಯರು ಸೇರಿ 9 ಅಥವಾ 10 ಅಂಗುಲ ಎತ್ತರದ ಬ್ಲಾಕ್ ಕೊಂಡರೆ ಲಾಭ: ಎರಡನೆಯ ಬ್ಲ್ಯಾಂಕ್ ಮೊದಲನೆಯದರ ಬೆನ್ನ ಮೇಲೆ ಕೂರುವುದರಿಂದ ಅದಕ್ಕೆ ಬೇಕಾಗುವುದು ಇನ್ನು 3.25 ಅಂಗುಲ ಎತ್ತರ ಮಾತ್ರ.

ಕತ್ತರಿಸುವ ವಿಧಾನ ಹೀಗೆ. 6 ಮಿ.ಮೀ. ಪ್ಲೈವುಡ್ಡಿನ ಉದ್ದನೆಯ ತುಂಡಿನ ಮೇಲೆ ನೇರವಾದ ಗೆರೆ ಎಳೆಯಿರಿ. ಮೂತಿಯ ತುದಿಯಲ್ಲಿ ಗೆರೆಯಿಂದ 4.5 ಅಂಗುಲ, ಅಲ್ಲಿಂದ 1 ಅಡಿ ಒಳಗೆ 2 ಅಂಗುಲ, 2 ಅಡಿ ಒಳಗೆ ಮುಕ್ಕಾಲು ಅಂಗುಲ, ನಡುವಿನಲ್ಲಿ ಸೊನ್ನೆ. ಬಾಲದ ಕಡೆಯಿಂದ 2 ಅಡಿ ಒಳಗೆ ಕಾಲು ಅಂಗುಲಕ್ಕಿಂತ ತುಸು ಹೆಚ್ಚು, 1 ಅಡಿ ಒಳಗೆ ಮುಕ್ಕಾಲು ಅಂಗುಲಕ್ಕಿಂತ ತುಸು ಹೆಚ್ಚು, ತುದಿಯಲ್ಲಿ 2.25. ಈ ಚುಕ್ಕೆಗಳಲ್ಲಿ ಸಣ್ಣ ಮೊಳೆ ಹೊಡೆದು, ಗಂಟಿಲ್ಲದ ಬಿದಿರಿನ ಸೀಳನ್ನೋ ವೈರಿಂಗಿನ ಪಿವಿಸಿ ಪಟ್ಟಿಯನ್ನೋ ಒರಗಿಸಿ ಬಾಗಿಸಿ. ಪಟ್ಟಿ ಸಹಜವಾಗಿ ಬಾಗಿದ ಗೆರೆಯನ್ನು ನಂಬಿ. ಯಾವುದಾದರೂ ಮೊಳೆ ಅದನ್ನು ಬಲವಂತವಾಗಿ ತಳ್ಳುತ್ತಿದ್ದರೆ ಸರಿಸಬೇಕಾದದ್ದು ಮೊಳೆಯನ್ನು. ಮೇಲಿನ ಗೆರೆಗೆ ದಪ್ಪವನ್ನು ಸೇರಿಸಿ: ಎರಡೂ ತುದಿಗಳಲ್ಲಿ 1 ಅಂಗುಲ, ಮೂತಿಯಿಂದ 1 ಅಡಿ ಒಳಗೆ 2, ನಡುವಿನಲ್ಲಿ 3.25, ಬಾಲದಿಂದ 1 ಅಡಿ ಒಳಗೆ 2.25. ಇಂಥವೇ ಎರಡು ಅಚ್ಚುಹಲಗೆಗಳನ್ನು ಕೊಯ್ದು, ಅಂಚನ್ನು ನುಣ್ಣಗೆ ಉಜ್ಜಿ. ಅಂಚಿನಲ್ಲಿ ಸಣ್ಣ ಕಚ್ಚಿದ್ದರೂ ಅದರ ಮೇಲೆ ಸಾಗುವ ಬಿಸಿ ತಂತಿ ಅಲ್ಲಿ ನಿಂತು ಫೋಮಿನ ಅಗಲಕ್ಕೂ ಗೀರು ಕೊರೆಯುತ್ತದೆ.

ಅಚ್ಚುಹಲಗೆಗಳನ್ನು ಬ್ಲಾಕಿನ ಎರಡೂ ಪಕ್ಕಕ್ಕೆ ಉದ್ದ ಮೊಳೆಗಳಿಂದ ಎದುರುಬದುರಾಗಿ ಹಿಡಿಸಬೇಕು. ಒಂದು ಪಕ್ಕ ಕಾಲು ಅಂಗುಲ ಹಿಂದುಮುಂದಾದರೂ ಬ್ಲ್ಯಾಂಕ್ ತಿರುಚಿಕೊಳ್ಳುತ್ತದೆ. ಅಲಂಕಾರದವರು ಬಿಸಿ ತಂತಿಯನ್ನು ಬಿಗಿದಿರುವ ಬಿಲ್ಲು ಸಾಮಾನ್ಯವಾಗಿ ಚಿಕ್ಕದು. ನಿಮಗೆ 24 ಅಂಗುಲದ ಬ್ಲಾಕನ್ನು ದಾಟುವ, 30 ಅಂಗುಲ ಅಥವಾ ಅದಕ್ಕಿಂತ ಅಗಲದ ಬಿಲ್ಲು ಬೇಕು. ನಿಕ್ರೋಮ್ ತಂತಿ ಬಿಸಿಯಾದಾಗ ಉದ್ದವಾಗಿ ಸಡಿಲಗೊಳ್ಳುತ್ತದೆ, ಒಂದು ತುದಿಗೆ ಸ್ಪ್ರಿಂಗ್ ಇದ್ದರೆ ಬಿಗಿ ಉಳಿಯುತ್ತದೆ. ಮನೆಯ 230 ವೋಲ್ಟ್ ಕರೆಂಟನ್ನು ಎಂದೂ ನೇರವಾಗಿ ತಂತಿಗೆ ಕೊಡಬೇಡಿ, ಕಡಿಮೆ ವೋಲ್ಟಿನ ಟ್ರಾನ್ಸ್‌ಫಾರ್ಮರ್ ಮೂಲಕವೇ ಕೊಡಬೇಕು. ಇಬ್ಬರು ಎರಡು ಪಕ್ಕ ನಿಂತು, ಒಂದೇ ವೇಗದಲ್ಲಿ, ಒಂದೇ ಎಣಿಕೆಯಲ್ಲಿ ಸಾಗಿ. ಅವಸರ ಮಾಡಿದರೆ ತಂತಿಯ ನಡುಭಾಗ ಹಿಂದೆ ಉಳಿದು ಫೋಮಿನ ನಡುವೆ ಹಳ್ಳವೋ ದಿಬ್ಬವೋ ಆಗುತ್ತದೆ. ತೀರಾ ನಿಧಾನವಾದರೆ ಫೋಮ್ ಹೆಚ್ಚು ಕರಗುತ್ತದೆ. ಹೊಗೆ ವಿಷಕಾರಿ, ಆದ್ದರಿಂದ ಮಾಳಿಗೆಯ ಮೇಲೋ ಅಂಗಳದಲ್ಲೋ ಗಾಳಿಗೆ ಬೆನ್ನು ಮಾಡಿ ಈ ಕೆಲಸ ಮಾಡಿ. ಶೀತಲಗೃಹದ ಫೋಮಿಗೆ ಬೆಂಕಿ ತಡೆಯುವ ರಾಸಾಯನಿಕ ಬೆರೆಸಿರುವುದುಂಟು. ಅದರ ಹೊಗೆಯಿಂದ ಇನ್ನೂ ದೂರವಿರಿ.

ಕತ್ತರಿಸಿದ ಬ್ಲ್ಯಾಂಕಾಗಲಿ, ಕೊಂಡ ಬ್ಲ್ಯಾಂಕಾಗಲಿ ಬಾಗನ್ನು ಅಳೆಯದೆ ಒಪ್ಪಿಕೊಳ್ಳಬೇಡಿ. ಕಿಟಕಿ ಮಾಡುವವರ ಬಳಿ ಸಿಗುವ 8 ಅಡಿಯ ನೇರ ಅಲ್ಯೂಮಿನಿಯಂ ಕೊಳವೆ ಇದಕ್ಕೆ ಸಾಕು. ಬ್ಲ್ಯಾಂಕನ್ನು ತಳ ಮೇಲಾಗಿ ಮಲಗಿಸಿ, ಕೊಳವೆಯನ್ನು ನಡುಗೆರೆಯ ಉದ್ದಕ್ಕೆ ಇಟ್ಟು, ಉದ್ದದ ಸರಿಮಧ್ಯದಲ್ಲಿ ತಾಗುವಂತೆ ಹಿಡಿದು, ಎರಡೂ ತುದಿಗಳ ಅಂತರ ಅಳೆಯಿರಿ. ತಿರುಚು ನೋಡಲು ಇನ್ನೆರಡು ಚಿಕ್ಕ ಕೊಳವೆಗಳನ್ನು ಮೂತಿಯ ಕಡೆಗೊಂದು, ಬಾಲದ ಕಡೆಗೊಂದು ಅಡ್ಡಲಾಗಿ ಇಟ್ಟು, ಬಾಲದ ಹಿಂದೆ ಕುಳಿತು ಒಂದರ ಮೇಲಿಂದ ಇನ್ನೊಂದನ್ನು ಕಣ್ಣಳತೆಯಲ್ಲಿ ಹೊಂದಿಸಿ ನೋಡಿ. ಎರಡೂ ಗೆರೆಗಳು ಸಮಾಂತರವಾಗಿ ಕಾಣದಿದ್ದರೆ ಬ್ಲ್ಯಾಂಕ್ ತಿರುಚಿದೆ. ಅಲ್ಪ ತಿರುಚನ್ನು ಉಜ್ಜಿ ಸರಿಪಡಿಸಬಹುದು, ಅರ್ಧ ಅಂಗುಲ ಮೀರಿದರೆ ಬೇಡವೆನ್ನಿ.

ನಡುಪಟ್ಟಿ ಬೇಕೇ?

ಬೇಕು. ಹಲಗೆಯ ನಡುವೆ ಮೂತಿಯಿಂದ ಬಾಲದವರೆಗೆ ಹೋಗುವ ಮರದ ತೆಳು ಪಟ್ಟಿಯೇ ಸ್ಟ್ರಿಂಗರ್. ಅದು ಹಲಗೆ ಮಡಚಿ ಮುರಿಯದಂತೆ ತಡೆಯುತ್ತದೆ. ಬಾಗನ್ನು ಹಿಡಿದಿಡುತ್ತದೆ. ಉಜ್ಜುವಾಗ ಅಳತೆಗೆ ನಂಬಿಕೆಯ ನಡುಗೆರೆಯೂ ಆಗುತ್ತದೆ. ಅಚ್ಚಿನ ಪಿಯು ಬ್ಲ್ಯಾಂಕಿನಲ್ಲಿ ಇದು ಇದ್ದೇ ಇರುತ್ತದೆ. ಇಪಿಎಸ್‌ನಲ್ಲಿ ನೀವೇ ಸೇರಿಸಬೇಕು: ಬ್ಲ್ಯಾಂಕನ್ನು ಉದ್ದಕ್ಕೆ ಸರಿಯಾಗಿ ಎರಡು ಹೋಳು ಮಾಡಿ, ಅದೇ ಅಚ್ಚುಹಲಗೆಯ ಆಕಾರಕ್ಕೆ ಕೊಯ್ದ 4 ಮಿ.ಮೀ. ಪ್ಲೈವುಡ್ ಪಟ್ಟಿಯನ್ನು ನಡುವೆ ಇಟ್ಟು ಅಂಟಿಸುವುದು. ನೀರು ತಾಳುವ ಪ್ಲೈವುಡ್ಡೇ ಇರಲಿ.

ಅಂಟಿನ ಆಯ್ಕೆಯಲ್ಲಿ ತಪ್ಪಬಾರದು. ದ್ರಾವಕವಿರುವ ಅಂಟು ಫೋಮನ್ನು ತಿನ್ನುತ್ತದೆ. ಮರಕ್ಕೆ ಹಚ್ಚುವ ಬಿಳಿ ಅಂಟು ತಿನ್ನುವುದಿಲ್ಲ, ಆದರೆ ಅದರ ನೀರು ಆರಿಹೋಗಲು ಫೋಮ್ ದಾರಿ ಕೊಡುವುದಿಲ್ಲವಾದ್ದರಿಂದ ಒಳಗೆ ದಿನಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಎಪಾಕ್ಸಿಯೇ ಸರಿ. ತೆಳುವಾಗಿ ಹಚ್ಚಿ. ಹೊರಗೆ ಉಕ್ಕಿ ಗಟ್ಟಿಯಾದ ಅಂಟು ಫೋಮಿಗಿಂತ ಬಿರುಸಾಗಿರುವುದರಿಂದ ಉಜ್ಜುವಾಗ ಅದು ದಿಣ್ಣೆಯಾಗಿ ನಿಂತು ಪಕ್ಕದ ಫೋಮ್ ಹಳ್ಳವಾಗುತ್ತದೆ.

ಅಚ್ಚಿನ ಪಿಯು ಬ್ಲ್ಯಾಂಕೇ ಬೇಕೆನ್ನುವವರಿಗೆ

ತಯಾರಕರು ಪ್ರತಿ ಬ್ಲ್ಯಾಂಕಿಗೂ ಉದ್ದ, ನಡುವಿನ ಮತ್ತು ತುದಿಯಿಂದ 1 ಅಡಿ ಒಳಗಿನ ಅಗಲ ಹಾಗೂ ದಪ್ಪ, ಎರಡೂ ತುದಿಗಳ ಬಾಗು ಇರುವ ಪಟ್ಟಿ ಕೊಡುತ್ತಾರೆ. ಕಾಗದದ ಮೇಲಿನ ನಿಮ್ಮ ಹಲಗೆಯನ್ನು ಅದರ ಪಕ್ಕದಲ್ಲಿಟ್ಟು, ಮೊದಲು ಬಾಗು, ಆಮೇಲೆ ದಪ್ಪ, ಕೊನೆಗೆ ಉದ್ದ ಹೋಲಿಸಿ. ಹೊಸಬರು ಉದ್ದದಿಂದ ಆರಂಭಿಸಿ ಬಾಗನ್ನು ಮರೆಯುತ್ತಾರೆ. ತಲುಪಿದ ಮೇಲೆ ಪಾರ್ಸೆಲ್ ಕಚೇರಿಯಲ್ಲೇ ಬಿಚ್ಚಿ ನೋಡಿ: ನಡುಪಟ್ಟಿ ನೇರವಾಗಿದೆಯೇ, ಅದರ ಎರಡೂ ಬದಿಗೆ ಫೋಮ್ ಸಮನಾಗಿದೆಯೇ, ಗಾಳಿಗುಳ್ಳೆಯ ತೂತುಗಳು ಇವೆಯೇ. ಮೂತಿ ಒಂದಂಗುಲ ಜಜ್ಜಿದ್ದರೆ ಚಿಂತೆಯಿಲ್ಲ, ಆ ಭಾಗ ಹೇಗೂ ಕತ್ತರಿಸಿ ಹೋಗುತ್ತದೆ.

ಮನೆಗೆ ತಂದ ಮೇಲೆ

ಹೊದಿಕೆಯಿಲ್ಲದ ಫೋಮ್ ಬಿಸಿಲಿಗೆ ಹಳದಿಯಾಗುತ್ತದೆ, ಪಿಯು ಅಂತೂ ಬಹುಬೇಗ. ಕಿಟಕಿಯಿಂದ ಬೀಳುವ ಬೆಳಕೂ ಸಾಕು. ಇನ್ನು ನಮ್ಮ ಊರಿನ ಕೆಂಧೂಳು. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಧೂಳನ್ನು ಹೊತ್ತ ಗಾಳಿ ಬೀಸುವ ದಿನಗಳಲ್ಲಿ ತೆರೆದಿಟ್ಟ ಬಿಳಿ ಫೋಮ್ ಸಂಜೆಯ ಹೊತ್ತಿಗೆ ತೆಳುಗೆಂಪಾಗುತ್ತದೆ. ಪಾರದರ್ಶಕ ರೆಸಿನ್ ಕೆಳಗೆ ಆ ಬಣ್ಣ ಖಾಯಂ ಆಗಿ ಉಳಿಯುತ್ತದೆ. ಒರೆಸಿದರೆ ಧೂಳು ಇನ್ನಷ್ಟು ಒಳಹೋಗುತ್ತದೆ, ಮೆತ್ತನೆಯ ಬ್ರಷ್ಷಿನಿಂದ ಹಾರಿಸಬೇಕು. ತಂದ ದಿನವೇ ಹಳೆಯ ಹತ್ತಿಯ ಸೀರೆಯಲ್ಲೋ ಬೆಡ್‌ಶೀಟಿನಲ್ಲೋ ಸುತ್ತಿ, ತಗಡಿನ ಶೆಡ್ಡಿನಲ್ಲಿಡದೆ, ಆರ್‌ಸಿಸಿ ಚಾವಣಿಯ ಕೋಣೆಯಲ್ಲಿ ಸಮತಟ್ಟಾಗಿ ಮಲಗಿಸಿ. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಬೇಸಿಗೆಯ ಕಾವಿಗೆ ನಡುಪಟ್ಟಿಯಿಲ್ಲದ ಇಪಿಎಸ್ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಇಲಿಗಳ ಬಗ್ಗೆಯೂ ಎಚ್ಚರವಿರಲಿ, ಥರ್ಮಾಕೋಲ್ ಕೊರೆಯುವುದೆಂದರೆ ಅವಕ್ಕೆ ಬಲು ಪ್ರೀತಿ.

ಸುತ್ತುವ ಮುನ್ನ ಮೃದು ಪೆನ್ಸಿಲಿನಿಂದ ಬ್ಲ್ಯಾಂಕಿನ ಬಾಲದ ಬಳಿ, ಕತ್ತರಿಸಿ ಹೋಗುವ ಭಾಗದ ಮೇಲೆ, ಫೋಮಿನ ಸಾಂದ್ರತೆ, ತಂದ ದಿನಾಂಕ, ಅಳೆದ ಮೂತಿಯ ಬಾಗು, ಬಾಲದ ಬಾಗು ಬರೆಯಿರಿ. ಬಾಲ್ ಪೆನ್, ಮಾರ್ಕರ್ ಬೇಡ. ಅವುಗಳ ಶಾಯಿ ರೆಸಿನ್‌ನಲ್ಲಿ ಹರಡುತ್ತದೆ, ಮೊನೆ ಫೋಮಿಗೆ ಗೀರು ಹಾಕುತ್ತದೆ. ಮೂರು ವಾರ ಕಳೆದ ಮೇಲೆ ಬಿಚ್ಚಿ ಅದೇ ಅಲ್ಯೂಮಿನಿಯಂ ಕೊಳವೆಯಿಂದ ಮತ್ತೊಮ್ಮೆ ಅಳೆಯಿರಿ. ಅಂಕಿಗಳು ಬದಲಾಗಿರದಿದ್ದರೆ ರಂದ ಕೈಗೆತ್ತಿಕೊಳ್ಳಬಹುದು. ಬದಲಾಗಿದ್ದರೆ ಫೋಮ್ ಇನ್ನೂ ಕುಗ್ಗುತ್ತಿದೆ, ಇನ್ನೆರಡು ವಾರ ಬಿಡಿ.